ಸ್ಲೇಟು ಕಪ್ಪಲ್ಲ: ವೇಲ್ಸಿನ ಪಾಳುಗಣಿಯ ಚಿತ್ರವನ್ನು ಗೋಡೆಗೆ ತರುವ ಸಮಗ್ರ ಮಾರ್ಗದರ್ಶಿ

ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಕಡೆ ನೆಲೆಸಿರುವ ಗೆಳೆಯರು ವಾರಾಂತ್ಯದಲ್ಲಿ ಉತ್ತರ ವೇಲ್ಸಿಗೆ ಹೋಗಿ ಬಂದು ಸ್ಲೇಟುಗಣಿಯ ಚಿತ್ರ ಕಳುಹಿಸುತ್ತಾರೆ. ಮೊಬೈಲಿನಲ್ಲಿ ನೋಡಿದಾಗ ಚೆನ್ನಾಗಿಯೇ ಇರುತ್ತದೆ. ಅದೇ ಚಿತ್ರ ಮೂರು ಅಡಿ ಅಗಲದ ಪ್ರಿಂಟಾಗಿ ಮನೆಗೆ ಬಂದಾಗ ಮೇಲರ್ಧ ಸುಣ್ಣ ಬಳಿದ ಹಾಗೆ, ಕೆಳಗರ್ಧ ಇದ್ದಿಲು ಸುರಿದ ಹಾಗೆ, ನಡುವೆ ಎಲ್ಲಿಂದಲೋ ಕಿತ್ತು ತಂದಂತಿರುವ ಗಿಳಿಹಸಿರಿನ ಪಟ್ಟಿ. ಬೈಗುಳ ಮಾತ್ರ ಪ್ರಿಂಟ್ ಹಾಕಿದವನಿಗೆ. ನಾನು ನೋಡಿದ ಇಂಥ ಕಡತಗಳಲ್ಲಿ ಪ್ರಿಂಟ್ ಅಂಗಡಿಯ ತಪ್ಪಿದ್ದದ್ದು ತೀರಾ ಕಡಿಮೆ.

ತಪ್ಪಿನ ಬೇರು ಎರಡು. ಮೊದಲನೆಯದು, ನಮ್ಮ ತಲೆಯಲ್ಲಿರುವ ಸ್ಲೇಟು. ಬಳಪ ಹಿಡಿದು ಅಕ್ಷರ ತಿದ್ದಿದ ಶಾಲೆಯ ಸ್ಲೇಟು ಕಪ್ಪಾಗಿತ್ತು. ಹಾಗಾಗಿ ಗಣಿಯೂ ಕಪ್ಪೆಂದು ಕೈ ತಾನಾಗಿಯೇ ಚಿತ್ರವನ್ನು ಕಪ್ಪು ಮಾಡುತ್ತದೆ. ಎರಡನೆಯದು, ಕೆಲಸದ ಸಾಲು ತಿರುಗಾಮುರುಗಾ ಆಗುವುದು. ಚಿತ್ರ ತೆಗೆದು, ತಿದ್ದಿ, ಪ್ರಿಂಟ್ ಹಾಕಿಸಿ, ಕೊನೆಗೆ ಎಲ್ಲಿ ಹಾಕುವುದೆಂದು ಗೋಡೆ ಹುಡುಕುತ್ತಾರೆ. ಕೆಳಗಿನ ಹಂತಗಳು ಗೋಡೆಯಿಂದ ಶುರುವಾಗುತ್ತವೆ. ಸಾಲು ತಪ್ಪಿಸಬೇಡಿ.

ಬೇಕಾಗುವ ಸಾಮಾನು

ರಾ ಕಡತ (ಕ್ಯಾಮೆರಾ ತಾನು ತಿದ್ದದೆ ಉಳಿಸುವ ಮೂಲ ಮಾಹಿತಿ) ಕೊಡುವ ಯಾವುದೇ ಕ್ಯಾಮೆರಾ ಸಾಕು. 24 ಮೆಗಾಪಿಕ್ಸೆಲ್ ಇದ್ದರೆ ನೆಮ್ಮದಿ. ಗಾಳಿಗೆ ಅಲುಗಾಡದ ಟ್ರೈಪಾಡ್, ಒದ್ದೆ ಮೈಯ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್, 70ರಿಂದ 200 ಮಿ.ಮೀ. ವ್ಯಾಪ್ತಿಯ ಒಂದು ಲೆನ್ಸ್, ಬಣ್ಣ ಸರಿಹೊಂದಿಸಲು ಅಂಗೈ ಅಗಲದ ಬೂದು ಕಾರ್ಡು, ನಾಲ್ಕೈದು ಒಣ ಹತ್ತಿ ಬಟ್ಟೆಗಳು. ಬಟ್ಟೆ ಎರಡಿದ್ದರೆ ಸಾಕೆಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಅಂಗಿಯ ಚುಂಗಿನಿಂದ ಲೆನ್ಸ್ ಒರೆಸುತ್ತಿರುತ್ತಾರೆ. ಕ್ಯಾಮೆರಾಕ್ಕೆ ಮಳೆಯ ಟೋಪಿಯಾಗಿ ಸ್ನಾನದಮನೆಯ ಪ್ಲಾಸ್ಟಿಕ್ ತಲೆಗವುಸೇ ಸಾಕು. ಕೊಡೆ ಬೇಡ, ಅಲ್ಲಿನ ಗಾಳಿಗೆ ಅದು ಹೊರೆ.

ಪಾದಕ್ಕೆ ಕಣಕಾಲು ಮುಚ್ಚುವ, ಹಲ್ಲು ಸವೆಯದ ಬೂಟು. ಲಾನ್‌ಬೆರಿಸ್ ಸುತ್ತಿನ ಪ್ರದೇಶಕ್ಕೆ (ಮುಂದೆ ಹೇಳುವ ಮೊದಲ ಗಣಿ ಇರುವುದು ಅಲ್ಲೇ) ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆಯ ಓಎಲ್ 17 ನಕ್ಷೆ ಕೊಳ್ಳಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಬಂದುಹೋಗುತ್ತಿರುತ್ತದೆ, ಕಾಗದದ ನಕ್ಷೆಗೆ ಆ ಚಂಚಲತೆಯಿಲ್ಲ.

ಹಂತ 1: ಗೋಡೆಯನ್ನು ಅಳೆಯಿರಿ

ಸೋಫಾದ ಮೇಲೆ ತೂಗುಹಾಕುವುದಾದರೆ ಚಿತ್ರದ ಅಗಲ ಸೋಫಾದ ಅಗಲದ ಮೂರನೇ ಎರಡು ಭಾಗದ ಆಸುಪಾಸಿನಲ್ಲಿರಲಿ. ಸೋಫಾ 180 ಸೆಂ.ಮೀ. ಇದ್ದರೆ ಚಿತ್ರ 120 ಸೆಂ.ಮೀ. ಹಳೆಯ ದಿನಪತ್ರಿಕೆಗಳನ್ನು ಆ ಅಳತೆಗೆ ಅಂಟಿಸಿ ಗೋಡೆಗೆ ಹಚ್ಚಿ ಎರಡು ದಿನ ಬಿಡಿ. ದೊಡ್ಡದಾಯಿತು ಎನ್ನಿಸಿದರೆ ಪತ್ರಿಕೆಯನ್ನು ಕತ್ತರಿಸುವುದು ಸುಲಭ, ಫ್ರೇಮನ್ನು ಕತ್ತರಿಸುವುದು ಅಷ್ಟು ಸುಲಭವಲ್ಲ.

ಈಗ ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ. ಅದನ್ನು 120 ಸೆಂ.ಮೀ.ಗೆ ಹಿಗ್ಗಿಸಿದರೆ ಇಂಚಿಗೆ 127 ಪಿಕ್ಸೆಲ್ ಉಳಿಯುತ್ತದೆ. ಎರಡೂವರೆ ಮೀಟರ್ ದೂರದ ಕುರ್ಚಿಯಿಂದ ಇದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಸ್ಲೇಟುಗಣಿಯ ಚಿತ್ರ ಜನರನ್ನು ಹತ್ತಿರಕ್ಕೆ ಎಳೆಯುತ್ತದೆ: ಪದರಗಳನ್ನು, ಗೋಡೆಯಲ್ಲಿ ಬೇರೂರಿದ ಬರ್ಚ್ ಗಿಡವನ್ನು, ತುಕ್ಕು ಹಿಡಿದ ಹಳಿಯನ್ನು ಬೆರಳು ತೋರಿಸಿ ನೋಡುತ್ತಾರೆ. ಆ ದೂರದಲ್ಲಿ 150ಕ್ಕಿಂತ ಕೆಳಗಿನದು ಕಣ್ಣಿಗೆ ಸಿಕ್ಕಿಬೀಳುತ್ತದೆ. 200 ಇದ್ದರೆ ಚಿಂತೆಯಿಲ್ಲ.

ಅಂದರೆ ಒಂದೇ ಚಿತ್ರದಿಂದ ಆ ಅಳತೆ ಸಾಧ್ಯವಿಲ್ಲ, ಪಕ್ಕಪಕ್ಕದ ಮೂರು ಚಿತ್ರಗಳನ್ನು ಒಂದಾಗಿ ಹೊಲಿಯಬೇಕು. ಇದು ಮನೆಯಲ್ಲೇ ಗೊತ್ತಾಗಬೇಕಾದ ವಿಷಯ. ಗಣಿಯಿಂದ ವಾಪಸಾದ ಮೇಲೆ ಗೊತ್ತಾದರೆ ಸಣ್ಣ ಪ್ರಿಂಟಿಗೆ ತೃಪ್ತಿಪಡಬೇಕಷ್ಟೆ. ಗೋಡೆಯ ಬಣ್ಣ, ಸಂಜೆ ಉರಿಯುವ ದೀಪದ ಬಣ್ಣ ಇವೆರಡನ್ನೂ ಬರೆದಿಟ್ಟುಕೊಳ್ಳಿ, 8ನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ಗಣಿಯನ್ನು ಆರಿಸಿ

ಮೊದಲ ಪ್ರಯತ್ನಕ್ಕೆ ಲಾನ್‌ಬೆರಿಸ್‌ನ ಡಿನೊರ್ವಿಕ್ ಗಣಿಯನ್ನು ಬಿಟ್ಟು ಬೇರೆಡೆ ಹೋಗಬೇಡಿ. 1969ರಲ್ಲಿ ಮುಚ್ಚಿದ ಈ ಗಣಿ ಎಲಿಡಿರ್ ವೌರ್ ಬೆಟ್ಟದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದು ನಿಂತಿದೆ. ಒಳಗಿನಿಂದ ಸಾರ್ವಜನಿಕ ಕಾಲುದಾರಿ ಹಾದುಹೋಗುವುದರಿಂದ ಬೇಲಿ ಹಾರದೆಯೇ ಒಳ್ಳೆಯ ಚಿತ್ರ ಸಿಗುತ್ತದೆ. ಬ್ಯಾಂಗರ್ ರೈಲು ನಿಲ್ದಾಣದಿಂದ ಲಾನ್‌ಬೆರಿಸ್‌ಗೆ ಬಸ್ ಇದೆ.

ಅಲ್ಲಿ ಮೂರು ಜಾಗ ನೋಡಿ. ಡೊಲ್ಬಾಡರ್ನ್ ಕೋಟೆಯ ಬಳಿಯಿಂದ ಸರೋವರದ ಆಚೆ ಇಡೀ ಮೆಟ್ಟಿಲುಸಾಲು ಕಾಣುತ್ತದೆ. ಗಿಲ್ವಾಕ್ ಥೀ ಪಾರ್ಕಿಂಗ್ ಪಕ್ಕದಲ್ಲೇ ವಿವಿಯನ್ ಗಣಿ, ಅದರ ತಳದಲ್ಲಿ ನೀರು ತುಂಬಿದ ಹೊಂಡ. ಮೇಲಕ್ಕೆ ಹತ್ತಿದರೆ ಆಂಗ್ಲ್‌ಸಿ ಬ್ಯಾರಕ್ಸ್: ವಾರವಿಡೀ ಗಣಿಯಲ್ಲೇ ಉಳಿಯುತ್ತಿದ್ದ ಕೆಲಸಗಾರರಿಗಾಗಿ ಕಟ್ಟಿದ, ಎದುರುಬದುರಾಗಿ ನಿಂತ ಹನ್ನೊಂದು ಹನ್ನೊಂದು ಮನೆಗಳ ಎರಡು ಸಾಲು. ಈಗ ಸೂರಿಲ್ಲ.

ಕೋಟೆಯಿಂದ ತೆಗೆಯುವವರು ಒಂದನ್ನು ಮರೆಯುತ್ತಾರೆ. ಎದುರಿಗಿರುವ ಲಿನ್ ಪೆರಿಸ್ ಸರೋವರವು ಬೆಟ್ಟದ ಹೊಟ್ಟೆಯಲ್ಲಿರುವ ಜಲವಿದ್ಯುತ್ ಕೇಂದ್ರದ ಕೆಳಜಲಾಶಯ. ನೀರನ್ನು ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸುವುದರಿಂದ ದಿನದಲ್ಲೇ ಮಟ್ಟ ಏರಿಳಿಯುತ್ತದೆ. ಇಳಿದಾಗ ದಡದುದ್ದಕ್ಕೂ ಬೋಳು ಕಲ್ಲಿನ ಪಟ್ಟಿ ಎದ್ದು, ಚಿತ್ರಕ್ಕೆ ಅಡ್ಡಲಾಗಿ ಬೂದು ಗೆರೆ ಎಳೆದಂತಾಗುತ್ತದೆ. ಹಾಗಿದ್ದ ದಿನ ನೀರನ್ನು ಚೌಕಟ್ಟಿನಿಂದ ಹೊರಗಿಡಿ.

ಎರಡನೆಯ ಪ್ರಯಾಣಕ್ಕೆ ಬ್ಲೈನಾಯ್ ಫೆಸ್ಟಿನಿಯೋಗ್ ಬಳಿಯ ಕುಮೊರ್ಥಿನ್ ಕಣಿವೆ. ಸಣ್ಣ ಸರೋವರ, ಪಾಳುಬಿದ್ದ ಮನೆಗಳ ಸಾಲು, ಸೂರು ಹೋದ ಪ್ರಾರ್ಥನಾ ಮಂದಿರ, ಸ್ಲೇಟಿನ ಸೀಳುಗಳನ್ನೇ ನೆಟ್ಟು ತಂತಿಯಿಂದ ಹೆಣೆದ ಬೇಲಿ. ಡಿನೊರ್ವಿಕ್ ಎತ್ತರದ ಚಿತ್ರ ಕೊಟ್ಟರೆ ಇದು ಅಡ್ಡಕ್ಕೆ ಹರಿಯುವ ಚಿತ್ರ ಕೊಡುತ್ತದೆ. ಉದ್ದನೆಯ ಸೋಫಾದ ಮೇಲಿನ ಗೋಡೆಗೆ ನನ್ನ ಆಯ್ಕೆ ಇದೇ.

ಬೆಥೆಸ್ಡಾ ಬಳಿಯ ಪೆನ್ರಿನ್ ಈಗಲೂ ಕೆಲಸ ನಡೆಯುತ್ತಿರುವ ಗಣಿ. ಪಾಳುಗಣಿ ಎಂದು ನುಗ್ಗಬೇಡಿ.

ಹಂತ 3: ಕಾಲಿಡುವ ಮುನ್ನ

ಇದನ್ನು ಓದದೆ ದಾಟುವವರಿಗೆ ಮುಂದಿನ ಹಂತಗಳಿಂದ ಉಪಯೋಗವಿಲ್ಲ.

ಸ್ಲೇಟುಗಣಿಯ ಗುಡ್ಡೆಗಳು ಬೆಟ್ಟಗಳಲ್ಲ, ಬಿಸಾಡಿದ ಚೂರುಗಳ ರಾಶಿ. ಕಾಲಿಟ್ಟರೆ ಓಡಿನ ರಾಶಿಯ ಮೇಲೆ ನಡೆದಂತೆ ಖಣಖಣ ಸದ್ದು ಬರುತ್ತದೆ. ಆ ಸದ್ದು ಕೇಳಿದ ಕೂಡಲೇ ಹಿಂದೆ ಬನ್ನಿ, ರಾಶಿ ಇನ್ನೂ ನೆಲೆಗೊಂಡಿಲ್ಲ ಎಂದರ್ಥ.

ಬಂಡೆಗೋಡೆಯ ಬುಡದಲ್ಲಿ ನಿಲ್ಲುವ ಮೊದಲು ಮೇಲೆ ನೋಡಿ. ಹಳೆಯ ಮೈಯ ಮೇಲೆ ಕಲ್ಲುಹೂವು ಹಬ್ಬಿ ಮಾಸಲು ಬಣ್ಣವಿರುತ್ತದೆ. ನಡುವೆ ಎಲ್ಲಾದರೂ ಸ್ವಚ್ಛವಾದ, ಈಗಷ್ಟೇ ಸೀಳಿದಂತಿರುವ ತೇಪೆ ಕಂಡರೆ ಅಲ್ಲಿಂದ ಇತ್ತೀಚೆಗೆ ಕಲ್ಲು ಉದುರಿದೆ. ಕೆಳಗೆ ಬಿದ್ದ ತುಂಡುಗಳ ಮೇಲೂ ಕಲ್ಲುಹೂವು ಇಲ್ಲದಿದ್ದರೆ ಆ ಜಾಗ ಬೇಡ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಕರಗುವ ದಿನಗಳಲ್ಲಿ, ದೊಡ್ಡ ಮಳೆಯ ಮರುದಿನ ಅಪಾಯ ಹೆಚ್ಚು. ಬಿರುಕಿಗಿಳಿದ ನೀರು ಹೆಪ್ಪಾಗಿ ಹಿಗ್ಗಿ ಪದರವನ್ನು ಸಡಿಲಿಸುತ್ತದೆ.

ಸುರಂಗದ ಬಾಯಿ ಕಂಡರೆ ಹೊರಗಿನಿಂದ ತೆಗೆಯಿರಿ. ಒಳಗೆ ನೆಲವೆಂದು ಕಾಣುವುದು ಕೊಳೆತ ಹಲಗೆಯ ಮೇಲಿನ ಮಣ್ಣಾಗಿರಬಹುದು. ನೀರು ತುಂಬಿದ ಹೊಂಡಗಳ ಅಂಚೂ ಅಷ್ಟೇ: ಕೆಲವು ಹೊಂಡಗಳಲ್ಲಿ ದಡದಿಂದ ಒಂದು ಹೆಜ್ಜೆ ತಪ್ಪಿದರೆ ನೇರ ಆಳ. ನಾಂಟ್ಲೆ ಕಣಿವೆಯ ಡೊರೊಥಿಯ ಗಣಿಯ ಹೊಂಡದಲ್ಲಿ ನುರಿತ ಮುಳುಗುಗಾರರೇ ಜೀವ ಕಳೆದುಕೊಂಡಿದ್ದಾರೆ. ಬೇಸಿಗೆಯಲ್ಲೂ ನೀರು ಕೊರೆಯುತ್ತದೆ.

ಬೇಲಿಯಲ್ಲಿ ಕಿಂಡಿಯಿರುವುದು ಅನುಮತಿಯಲ್ಲ. ಸಮಾಜಮಾಧ್ಯಮಗಳಲ್ಲಿ ನೀವು ಕಂಡ ತುಕ್ಕುಹಿಡಿದ ಯಂತ್ರಗಳ ಚಿತ್ರಗಳಲ್ಲಿ ಹಲವು ಬೇಲಿಯಾಚೆಯವು. ಅವುಗಳಿಗಾಗಿ ಆಸೆಪಡಬೇಡಿ. ಏನಾದರೂ ಅನಾಹುತವಾದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನು ಕೇಳಿ, ಅವರಲ್ಲಿ ಮೌಂಟೇನ್ ರೆಸ್ಕ್ಯೂ ಬೇಕೆಂದು ಹೇಳಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಉಳಿದುಕೊಂಡ ಮನೆಯವರಿಗೆ ತಿಳಿಸಿಯೇ ಹೊರಡಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ.

ಹಂತ 4: ಸರಿಯಾದ ಕೆಟ್ಟ ಹವೆ

ನಮ್ಮವರು ಬಿಸಿಲು ನೋಡಿ ಹೊರಡುತ್ತಾರೆ. ಸ್ಲೇಟಿಗೆ ನೆತ್ತಿಯ ಬಿಸಿಲು ಶತ್ರು. ಒಣ ಸ್ಲೇಟಿನ ಮೇಲೆ ಗಟ್ಟಿ ಬಿಸಿಲು ಬಿದ್ದರೆ ಮೈ ಸುಣ್ಣದಂತೆ ಬಿಳಿಚಿಕೊಂಡು, ನೆರಳು ಮಾತ್ರ ಗುಂಡಿಯಂತೆ ಕಪ್ಪಾಗುತ್ತದೆ.

ಅಡುಗೆಮನೆಯ ಕಡಪ ಕಲ್ಲಿನ ಮೇಲೆ ನೀರು ಚೆಲ್ಲಿದಾಗ ಏನಾಗುತ್ತದೆಂದು ನೆನಪಿಸಿಕೊಳ್ಳಿ. ಮಂಕಾಗಿದ್ದ ಮೈಗೆ ಒಮ್ಮೆಲೇ ಬಣ್ಣ ಬರುತ್ತದೆ. ಸ್ಲೇಟೂ ಹಾಗೆಯೇ. ಡಿನೊರ್ವಿಕ್ ಸ್ಲೇಟಿನಲ್ಲಿ ನೀಲಿ, ನೇರಳೆ, ಬೂದು ಎಲ್ಲವೂ ಇವೆ, ಕೆಲವೆಡೆ ನೇರಳೆಯ ನಡುವೆ ತೆಳುಹಸಿರು ಮಚ್ಚೆ ಕೂಡ. ಇವೆಲ್ಲ ಮೇಲಕ್ಕೆ ಬರುವುದು ಮಳೆ ನಿಂತ ಮೊದಲ ಅರ್ಧ ಗಂಟೆಯಲ್ಲಿ, ಮೋಡ ತೆಳುವಾಗಿ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಇಳಿಯುವಾಗ. ಆದ್ದರಿಂದ ಮಳೆಯ ಮುನ್ಸೂಚನೆ ನೋಡಿ ಹೊರಡಿ, ಮಳೆಯಲ್ಲೇ ಜಾಗ ಹಿಡಿದು ಕಾಯಿರಿ. ನಿಂತ ಮೇಲೆ ಕಾರಿನಿಂದ ಇಳಿದು ಹತ್ತತೊಡಗಿದರೆ ನೀವು ತಲಪುವಷ್ಟರಲ್ಲಿ ಗಾಳಿ ಅರ್ಧ ಕಲ್ಲನ್ನು ಒಣಗಿಸಿರುತ್ತದೆ.

ಡಿನೊರ್ವಿಕ್ ಗಣಿಯ ಮೈ ನೈಋತ್ಯಕ್ಕೆ ಮುಖಮಾಡಿದೆ. ಬೆಳಿಗ್ಗೆ ಸೂರ್ಯ ಬೆಟ್ಟದ ಹಿಂದಿರುತ್ತಾನೆ, ಮಧ್ಯಾಹ್ನದ ನಂತರವೇ ಮೆಟ್ಟಿಲುಗಳ ಮೇಲೆ ಓರೆ ಬೆಳಕು. ಮಳೆಗಾಳಿಯೂ ಹೆಚ್ಚಾಗಿ ಬೀಸುವುದು ನೈಋತ್ಯದಿಂದಲೇ. ಹೀಗಾಗಿ ಕೋಟೆಯ ಕಡೆಯಿಂದ ಗಣಿಯತ್ತ ಕ್ಯಾಮೆರಾ ತಿರುಗಿಸಿದರೆ ಮಳೆ ನಿಮ್ಮ ಬೆನ್ನಿಗೆ. ಗಣಿಯೊಳಗೆ ನಿಂತು ಹೊರಗಿನ ಕಣಿವೆಯತ್ತ ತಿರುಗಿಸಿದರೆ ಲೆನ್ಸಿನ ಮುಖಕ್ಕೆ.

ತಿಂಗಳು ಕೇಳಿದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡು. ಬೆಟ್ಟದ ಜರಿಗಿಡಗಳು ತುಕ್ಕಿನ ಬಣ್ಣಕ್ಕೆ ತಿರುಗಿ, ಬರ್ಚ್ ಎಲೆ ಹಳದಿಯಾಗಿ, ನೇರಳೆ ಕಲ್ಲಿನ ಪಕ್ಕ ಕೂತುಕೊಳ್ಳುತ್ತವೆ. ಬೇಸಿಗೆಯ ಹಸಿರು ಪ್ರಿಂಟಿನಲ್ಲಿ ಪಳಗಿಸಲಾಗದ ಹಸಿರು.

ಹಂತ 5: ಚೌಕಟ್ಟು ಕಟ್ಟುವುದು

ಅಗಲ ಲೆನ್ಸನ್ನು ಚೀಲದಲ್ಲಿಡಿ. 16 ಅಥವಾ 24 ಮಿ.ಮೀ.ಯಲ್ಲಿ ಎದುರಿನ ಚೂರುಕಲ್ಲುಗಳು ದೊಡ್ಡದಾಗಿ, ನಿಮ್ಮನ್ನು ಬೆರಗಾಗಿಸಿದ ಗೋಡೆ ಚಿಕ್ಕದಾಗಿ ಕಾಣುತ್ತದೆ. ಬಿಳಿ ಆಕಾಶವೂ ಚಿತ್ರದ ಅರ್ಧವನ್ನು ತಿನ್ನುತ್ತದೆ. 70ರಿಂದ 200ರ ಲೆನ್ಸಿನಿಂದ ಮೆಟ್ಟಿಲುಗಳ ಒಂದು ತುಂಡನ್ನು ಆರಿಸಿಕೊಳ್ಳಿ. ಮೇಲಿನ ಅಂಚಿನಲ್ಲಿ ಬೆರಳಗಲ ಮಂಜು ಬಿಟ್ಟರೆ ಸಾಕು, ಆಕಾಶ ಬೇಕೇಬೇಕೆಂದಿಲ್ಲ.

ಆಮೇಲೆ ಅಳತೆಗೋಲು. ಗಣಿಯಲ್ಲಿ ಗಾತ್ರ ಹೇಳುವ ವಸ್ತು ಇಲ್ಲದಿದ್ದರೆ ನೂರಾರು ಅಡಿಯ ಗೋಡೆ ಮನೆಯ ಹಿತ್ತಿಲಿನ ಕಾಂಪೌಂಡಿನಂತೆ ಕಾಣಬಹುದು. ಪಾಳುಮನೆಯ ಬಾಗಿಲು, ಒಂಟಿ ಬರ್ಚ್, ಇಳಿಜಾರು ಹಳಿಯ ತುದಿಯ ಡ್ರಮ್ ಮನೆ (ಗಾಡಿಗಳ ಹಗ್ಗ ಸುತ್ತುವ ಉರುಳೆಯಿದ್ದ ಕಟ್ಟಡ), ಮೇಯುತ್ತಿರುವ ಕುರಿ, ಏನಾದರೂ ಒಂದು. ಒಂದೇ ಒಂದು. ಕೆಂಪು ಜಾಕೆಟ್ ಹಾಕಿದ ಗೆಳೆಯನನ್ನು ಬಂಡೆಯಂಚಿನಲ್ಲಿ ನಿಲ್ಲಿಸಿ ತೆಗೆದ ಚಿತ್ರ ಮೊಬೈಲಿಗೆ ಚೆಂದ. ಗೋಡೆಗೆ ಬಂದ ಎರಡನೇ ವಾರ ಆ ಜಾಕೆಟ್ ಕಣ್ಣು ಚುಚ್ಚತೊಡಗುತ್ತದೆ. ಗೆಳೆಯನ ಪ್ರಾಣದ ಮಾತು ಬೇರೆ.

ಪೋಲರೈಸರನ್ನು ತಿರುಗಿಸುತ್ತಾ ಒದ್ದೆ ಕಲ್ಲಿನ ಹೊಳಪು ಪೂರ್ತಿ ಹೋಗುವ ತನಕ ಹೋಗಿ, ಅಲ್ಲಿಂದ ಅರ್ಧ ಹಿಂದೆ ಬನ್ನಿ. ಹೊಳಪು ಪೂರ್ತಿ ಹೋದರೆ ಕಲ್ಲು ಒದ್ದೆಯೆಂಬುದೇ ತಿಳಿಯುವುದಿಲ್ಲ, ಪದರಗಳ ಅಂಚು ಸತ್ತು ಎಲ್ಲ ಒಂದೇ ಕಪ್ಪಾಗುತ್ತದೆ. ಇಲ್ಲಿ ಮಾಡಿದ ಈ ತಪ್ಪನ್ನು ಕಂಪ್ಯೂಟರಿನಲ್ಲಿ ಸರಿಪಡಿಸಲು ಬರುವುದಿಲ್ಲ.

ಹಂತ 6: ತೆಗೆಯುವುದು

ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಲೆನ್ಸಿನ ಬೆಳಕುಕಿಂಡಿಯಾದ ಅಪರ್ಚರ್ ಎಫ್/8ರಿಂದ ಎಫ್/11ರೊಳಗೆ. ಎಫ್/16, ಎಫ್/22ಕ್ಕೆ ಹೋದರೆ ಬೆಳಕು ಬಾಗಿ ಚದುರುವುದರಿಂದ ಸ್ಲೇಟಿನ ಸಣ್ಣ ಗೆರೆಗಳು ಮೆತ್ತಗಾಗುತ್ತವೆ. ರಾ ಕಡತ, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್. ಗಾಳಿಯಿದ್ದರೆ ಟ್ರೈಪಾಡಿನ ಕಾಲು ಎತ್ತರಿಸಬೇಡಿ, ಚೀಲವನ್ನು ಅದರ ನಡುವಿನ ಕೊಕ್ಕೆಗೆ ನೇತುಹಾಕಿ ನೆಲಕ್ಕೆ ತಾಗುವಂತೆ ಬಿಡಿ.

ಕ್ಯಾಮೆರಾದ ಮೀಟರ್ ಇಲ್ಲಿ ಎರಡೂ ಕಡೆ ಮೋಸ ಮಾಡುತ್ತದೆ. ಆಕಾಶ ಹೆಚ್ಚಿದ್ದರೆ ಕಲ್ಲನ್ನು ಕತ್ತಲೆಗೆ ದೂಡುತ್ತದೆ. ಕಲ್ಲೇ ತುಂಬಿದ್ದರೆ ಅದನ್ನು ಸಿಮೆಂಟಿನ ಬಣ್ಣಕ್ಕೆ ಎತ್ತುತ್ತದೆ. ಹಿಸ್ಟೋಗ್ರಾಂ ನೋಡಿ: ಎಡ ತುದಿ ಕಪ್ಪು, ಬಲ ತುದಿ ಬಿಳಿ ಎಂದು ತೋರಿಸುವ ರೇಖಾಚಿತ್ರ ಅದು. ಬಿಳಿ ಮೋಡದ ಭಾಗ ಬಲ ಅಂಚಿಗೆ ತಾಗುವುದಕ್ಕೆ ಕೂದಲೆಳೆ ಮೊದಲು ನಿಲ್ಲುವಂತೆ ಎಕ್ಸ್‌ಪೋಷರ್ ಏರಿಸಿ. ಆಗಲೂ ಕಲ್ಲಿನ ಭಾಗ ಹಿಸ್ಟೋಗ್ರಾಂನ ಎಡ ಅಂಚಿಗೆ ಒತ್ತಿಕೊಂಡಿದ್ದರೆ ಎರಡು ಸ್ಟಾಪ್ ಹೆಚ್ಚಿನ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಇನ್ನೊಂದು ಚಿತ್ರ ತೆಗೆದಿಡಿ.

ದೊಡ್ಡ ಪ್ರಿಂಟಿಗೆ ಹೊಲಿಗೆ: ಕ್ಯಾಮೆರಾ ನಿಲುವಾಗಿ ತಿರುಗಿಸಿ, ಎಡದಿಂದ ಬಲಕ್ಕೆ ಮೂರು ಚಿತ್ರ, ಒಂದರ ಮೂರನೇ ಒಂದು ಭಾಗ ಮುಂದಿನದರ ಮೇಲೆ ಬರುವಂತೆ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಿಕೆ) ಮೂರನ್ನೂ ಕೈಯಾರೆ ಕಟ್ಟಿಹಾಕಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ಸುಮಾರು 9300 ಪಿಕ್ಸೆಲ್ ಅಗಲದ ಕಡತ ಸಿಗುತ್ತದೆ. 120 ಸೆಂ.ಮೀ.ಗೆ ಇಂಚಿಗೆ 200ರ ಹತ್ತಿರ ಬಂತು. ಮಂಜು ಓಡುತ್ತಿದ್ದರೆ ಮೂರನ್ನೂ ಬೇಗ ಮುಗಿಸಿ, ಹಾಗೆಯೇ ಇನ್ನೊಂದು ಸುತ್ತು ತೆಗೆಯಿರಿ. ಒಂದು ಸುತ್ತಿನಲ್ಲಿ ಖಂಡಿತ ಹನಿ ಬಿದ್ದಿರುತ್ತದೆ.

ಹೊರಡುವ ಮುನ್ನ ಬೂದು ಕಾರ್ಡನ್ನು ಅದೇ ಬೆಳಕಿನಲ್ಲಿ ಹಿಡಿದು ಒಂದು ಚಿತ್ರ. ಹತ್ತು ಸೆಕೆಂಡಿನ ಕೆಲಸ. ಮುಂದಿನ ಹಂತ ಅದರ ಮೇಲೆ ನಿಂತಿದೆ.

ಹಂತ 7: ಕಡತವನ್ನು ತಿದ್ದುವುದು

ಕಂಪ್ಯೂಟರ್ ಪರದೆಯ ಬೆಳಕನ್ನು ಮೊದಲು ತಗ್ಗಿಸಿ. ಅಳೆಯುವ ಉಪಕರಣವಿದ್ದರೆ ಚದರ ಮೀಟರಿಗೆ 100 ಕ್ಯಾಂಡೆಲಾದ ಹತ್ತಿರ ನಿಲ್ಲಿಸಿ. ಇಲ್ಲದಿದ್ದರೆ ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿ ಆ ಹಾಳೆಗಿಂತ ಹೊಳೆಯದಂತೆ ಮಾಡಿ. ಪ್ರಿಂಟ್ ಕತ್ತಲಾಯಿತೆಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ: ದೀಪದಂತೆ ಉರಿಯುವ ಪರದೆಯಲ್ಲಿ ಸರಿಯಾಗಿ ಕಂಡದ್ದು ಕಾಗದದ ಮೇಲೆ ಕತ್ತಲೇ ಆಗಬೇಕು. ಕಾಗದಕ್ಕೆ ಸ್ವಂತ ಬೆಳಕಿಲ್ಲ.

ವೈಟ್ ಬ್ಯಾಲೆನ್ಸ್ ಹನಿಗೊಳವೆಯಿಂದ ಕಲ್ಲನ್ನು ಒತ್ತಬೇಡಿ. ಸ್ಲೇಟು ಬೂದು ತಾನೇ ಎಂದು ಅದನ್ನೇ ಒತ್ತುವವರು ಬಹಳ. ಒತ್ತಿದ ಕೂಡಲೇ ತಂತ್ರಾಂಶ ಕಲ್ಲಿನ ನೇರಳೆಯನ್ನು ದೋಷವೆಂದು ತಿಳಿದು ಅಳಿಸಿ, ಇಡೀ ಚಿತ್ರವನ್ನು ಹಳದಿ ಹಸಿರಿನ ಕಡೆಗೆ ತಳ್ಳುತ್ತದೆ. ಕಲ್ಲು ಸತ್ತಿತು, ಹುಲ್ಲು ಉರಿಯಿತು. ಬೂದು ಕಾರ್ಡಿನ ಚಿತ್ರದಲ್ಲಿ ಒತ್ತಿ, ಆ ಅಂಕಿಯನ್ನು ಉಳಿದವಕ್ಕೆ ಹಾಕಿ. ಕಾರ್ಡು ಮರೆತಿದ್ದರೆ ಮೋಡದ ದಿನಕ್ಕೆ 6000ರಿಂದ 6500 ಕೆಲ್ವಿನ್‌ನಿಂದ ಶುರುಮಾಡಿ.

ಈಗ ಈ ಮಾರ್ಗದರ್ಶಿಯ ಹೃದಯ: ಕಪ್ಪನ್ನು ಹಂಚುವುದು. 0 ಕಡುಕಪ್ಪು, 255 ಕಾಗದದ ಬಿಳಿ ಎಂದುಕೊಳ್ಳಿ. ಒಣ ಕಲ್ಲಿನ ಮೈ 70ರಿಂದ 100ರ ನಡುವೆ ಇರಲಿ. ಒದ್ದೆ ಕಲ್ಲು 45ರಿಂದ 65. ಪದರಗಳ ನಡುವಿನ ಬಿರುಕು 25ರ ಸುತ್ತ. ಸುರಂಗದ ಬಾಯಿಯೊಳಗಿನ ಕತ್ತಲು ಮಾತ್ರ 10ರ ಕೆಳಗೆ ಇಳಿಯಬಹುದು. ಪಾಯಿಂಟರನ್ನು ಚಿತ್ರದ ಮೇಲೆ ಓಡಿಸುತ್ತಾ ಅಂಕಿ ಓದಿ, ಕಣ್ಣನ್ನು ನಂಬಬೇಡಿ. ಈ ಅಂಕಿಗಳು ನನ್ನ ಹಾಳಾದ ಪ್ರಿಂಟುಗಳಿಂದ ಬಂದವು. ನಿಮ್ಮ ಕಾಗದಕ್ಕೆ ಐದಾರು ಅಂಕಿ ಆಚೀಚೆ ಆಗಬಹುದು. ಇಡೀ ಕಲ್ಲು 30ರ ಕೆಳಗಿದ್ದರೆ ಯಾವ ಕಾಗದವೂ ನಿಮ್ಮನ್ನು ಕಾಪಾಡದು.

ಆಕಾಶ 235ರಿಂದ 245ರಲ್ಲಿ ನಿಲ್ಲಲಿ. 255 ಆದರೆ ಅಲ್ಲಿ ಶಾಯಿಯೇ ಬೀಳುವುದಿಲ್ಲ, ಕಾಗದದ ಬರಿಮೈ ಕಿಟಕಿಯ ಬೆಳಕಿಗೆ ತೂತಿನಂತೆ ಕಾಣುತ್ತದೆ.

ಕ್ಲಾರಿಟಿ ಎಂಬ ಜಾರುಗುಂಡಿಯನ್ನು 10 ದಾಟಿಸಬೇಡಿ. ಸ್ಲೇಟಿಗೆ ಸ್ವಭಾವತಃ ಸಾವಿರ ಅಂಚುಗಳಿವೆ; ಕ್ಲಾರಿಟಿ ಪ್ರತಿ ಅಂಚಿಗೂ ಬಿಳಿ ಗೆರೆ ಕೊಟ್ಟು ಬೆಟ್ಟವನ್ನು ಹುರಿಗಡಲೆಯ ರಾಶಿ ಮಾಡುತ್ತದೆ. ಹಸಿರು ಮತ್ತು ಹಳದಿಯ ತೀವ್ರತೆಯನ್ನು ಕಾಲುಭಾಗದಷ್ಟು ಇಳಿಸಿ. ನೇರಳೆಯನ್ನು ಏರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಪಕ್ಕದ ಹಸಿರು ಇಳಿದರೆ ನೇರಳೆ ತಾನಾಗಿ ಏಳುತ್ತದೆ.

ಕೊನೆಯಲ್ಲಿ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ನೋಡುವುದು. ಪ್ರಿಂಟ್ ಅಂಗಡಿಯಿಂದ ಆ ಕಾಗದದ ಐಸಿಸಿ ಪ್ರೊಫೈಲ್ (ಅದರ ಮೇಲೆ ಬಣ್ಣ ಹೇಗೆ ಬೀಳುತ್ತದೆಂದು ಹೇಳುವ ಕಡತ) ಕೇಳಿ ಪಡೆದು ಪರದೆಯಲ್ಲಿ ಹಾಕಿ ನೋಡಿ. ಚಿತ್ರ ಒಮ್ಮೆಲೇ ಮಂಕಾಗುತ್ತದೆ, ಗಾಬರಿಯಾಗಬೇಡಿ. ಕಲ್ಲಿನ ಎರಡು ಛಾಯೆಗಳು ಎಲ್ಲಿ ಒಂದಾಗಿ ಬೆರೆತವೆಂದು ಹುಡುಕಿ, ಅಲ್ಲಿ ಮಾತ್ರ ಸ್ವಲ್ಪ ಬೆಳಕು ಎತ್ತಿ. ಪ್ರೊಫೈಲ್ ಎಂದರೇನೆಂದು ಅಂಗಡಿಯವರೇ ತಿರುಗಿ ಕೇಳಿದರೆ ಬೇರೆ ಅಂಗಡಿ ನೋಡಿ.

ಕಡತವನ್ನು 16 ಬಿಟ್ ಟಿಫ್ ರೂಪದಲ್ಲಿ, ಅಂಗಡಿ ಹೇಳಿದ ಬಣ್ಣದ ವ್ಯವಸ್ಥೆಯಲ್ಲಿ ಉಳಿಸಿ, ಪೆನ್ ಡ್ರೈವಿನಲ್ಲೋ ಡ್ರೈವ್ ಕೊಂಡಿಯಲ್ಲೋ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ನಾಲ್ಕು ಗಂಟೆ ಮಳೆಯಲ್ಲಿ ನಿಂತು ತೆಗೆದು, ಮೂರು ದಿನ ತಿದ್ದಿ, ಕೊನೆಗೆ ಹೀಗೆ ಕಳುಹಿಸಿದವರು ನನಗೆ ಗೊತ್ತು. ಅವರಲ್ಲಿ ಮೊದಲನೆಯವನು ನಾನೇ.

ಹಂತ 8: ಕಾಗದ ಮತ್ತು ಪರೀಕ್ಷಾ ಪಟ್ಟಿ

ಒದ್ದೆ ಕಲ್ಲಿನ ಚಿತ್ರಕ್ಕೆ ಬರೈಟಾ ಲೇಪದ, ತುಸು ಹೊಳಪಿನ ಕಾಗದ. ಅದರ ಕಪ್ಪು ಆಳವಾದದ್ದು, ಹಾಗಾಗಿ ಕಪ್ಪಿನೊಳಗಿನ ಛಾಯೆಗಳಿಗೆ ಜಾಗ ಹೆಚ್ಚು. ಮಂಜು ತುಂಬಿದ, ಮೆತ್ತಗಿನ ಚಿತ್ರಕ್ಕೆ ಹತ್ತಿಯ ಮ್ಯಾಟ್ ಕಾಗದ ಒಪ್ಪುತ್ತದೆ. ಅದರ ಕಪ್ಪು ಬರೈಟಾದಷ್ಟು ಇಳಿಯದು, ಆದರೆ ಪ್ರತಿಫಲನದ ಕಾಟವಿಲ್ಲ. ಕ್ಯಾನ್ವಾಸ್ ಬೇಡ. ಬಟ್ಟೆಯ ನೇಯ್ಗೆ ಸ್ಲೇಟಿನ ಪದರದ ಮೇಲೆ ಕುಳಿತು ಎರಡನ್ನೂ ಕೆಡಿಸುತ್ತದೆ. ಅಂಗಡಿಯವರು ಕ್ಯಾನ್ವಾಸನ್ನೇ ಮುಂದೆ ಮಾಡುತ್ತಾರೆ, ನಗುತ್ತಲೇ ಬೇಡವೆನ್ನಿ.

ಪೂರ್ತಿ ಪ್ರಿಂಟಿಗೆ ಮೊದಲು ಪರೀಕ್ಷಾ ಪಟ್ಟಿ. ಚಿತ್ರದ ಅತ್ಯಂತ ಕತ್ತಲೆಯ ಕಲ್ಲು, ಹುಲ್ಲು, ಆಕಾಶ ಮೂರೂ ಇರುವ ಒಂದು ತುಂಡನ್ನು ನಿಜವಾದ ಅಳತೆಯಲ್ಲೇ ಕತ್ತರಿಸಿ, ಎ4 ಹಾಳೆಯ ಮೇಲೆ ಮೂರು ಸಲ ಹಾಕಿಸಿ: ಇದ್ದಂತೆ, ಮೂರನೇ ಒಂದು ಸ್ಟಾಪ್ ಹೆಚ್ಚಿಸಿ, ಮೂರನೇ ಎರಡು ಸ್ಟಾಪ್ ಹೆಚ್ಚಿಸಿ. ಒಂದು ದಿನ ಒಣಗಲು ಬಿಡಿ. ನಂತರ ಆ ಹಾಳೆಯನ್ನು ನೀವು ಅಳೆದಿಟ್ಟ ಗೋಡೆಗೆ ಅಂಟಿಸಿ, ರಾತ್ರಿ ಎಂಟಕ್ಕೆ ಮನೆಯ ದೀಪದಲ್ಲಿ ಕುರ್ಚಿಯಿಂದ ನೋಡಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನಿಸಬೇಡಿ. ಹೆಚ್ಚಿನ ಮನೆಗಳಲ್ಲಿ ಎರಡನೆಯ ಪಟ್ಟಿ ಗೆಲ್ಲುತ್ತದೆ.

2700 ಕೆಲ್ವಿನ್‌ನ ಹಳದಿ ಬಲ್ಬಿನಲ್ಲಿ ನೇರಳೆ ಕಂದಾಗಿ ಕಾಣುತ್ತದೆ. ಚಿತ್ರವನ್ನು ತಿದ್ದಬೇಡಿ, ಬಲ್ಬು ಬದಲಿಸಿ. 3500ರಿಂದ 4000 ಕೆಲ್ವಿನ್, ಬಣ್ಣದ ನಿಷ್ಠೆ ಹೇಳುವ ಸಿಆರ್‌ಐ 90 ಅಥವಾ ಹೆಚ್ಚಿನದು.

ಹಂತ 9: ಫ್ರೇಮು

ಪ್ರಿಂಟ್ ಗಾಜಿಗೆ ತಾಗಬಾರದು. ಆಮ್ಲರಹಿತ ಮೌಂಟ್ ಬೋರ್ಡಿನ ಕಿಟಕಿ ನಡುವೆ ಬರಲಿ, ಸುತ್ತ ಏಳೆಂಟು ಸೆಂ.ಮೀ. ಅಂಚು. ಬೋರ್ಡು ಹಾಲುಬಿಳಿ ಬೇಡ, ಸ್ವಲ್ಪ ಬೆಚ್ಚಗಿನ ಬಿಳಿ. ಹೊಸ ಪ್ರಿಂಟನ್ನು ಅಂದೇ ಗಾಜಿನೊಳಗೆ ಮುಚ್ಚಿದರೆ ಶಾಯಿಯಿಂದ ಏಳುವ ಆವಿ ಗಾಜಿನ ಒಳಮೈಗೆ ಮಸುಕಾಗಿ ಅಂಟಿಕೊಳ್ಳುತ್ತದೆ. ಕನಿಷ್ಠ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು ದಿನ, ಧೂಳು ಬೀಳದ ಕಡೆ ತೆರೆದಿಡಿ.

ಕಪ್ಪು ಫ್ರೇಮ್ ಹಾಕಬೇಡಿ. ಫ್ರೇಮು ಪ್ರಿಂಟಿಗಿಂತ ಕಪ್ಪಾಗಿರುವುದರಿಂದ ಪಕ್ಕದಲ್ಲಿ ನಿಮ್ಮ ಸ್ಲೇಟು ಬೂದಿಯ ಬಣ್ಣಕ್ಕೆ ಇಳಿದು ಕಾಣುತ್ತದೆ. ತೆಳುವಾದ ಮರದ ಪಟ್ಟಿ, ಪಾಲಿಶ್ ಇಲ್ಲದ್ದು, ಸಾಕು.

ಹಂತ 10: ತೂಗುಹಾಕುವುದು

ಚಿತ್ರದ ನಡು ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿರಲಿ. ನಮ್ಮ ಮನೆಗಳಲ್ಲಿ ದೇವರ ಪಟ, ಹಿರಿಯರ ಪಟ ಬಾಗಿಲ ಮೇಲೆ ಹಾಕಿ ರೂಢಿಯಾಗಿ ಎಲ್ಲವನ್ನೂ ಅಷ್ಟೇ ಎತ್ತರಕ್ಕೆ ಹೊಡೆಯುತ್ತೇವೆ. ಗಣಿಗೆ ಕೈಮುಗಿಯಬೇಕಿಲ್ಲ, ಕಣ್ಣಿನ ಮಟ್ಟಕ್ಕೆ ಇಳಿಸಿ.

2 ಮಿ.ಮೀ. ಗಾಜು ಚದರ ಮೀಟರಿಗೆ 5 ಕಿಲೋ ತೂಗುತ್ತದೆ. ಮರ, ಬೋರ್ಡು ಸೇರಿದರೆ ಒಂದೇ ಮೊಳೆ ಸಾಲದು. ಡ್ರಿಲ್ ಮಾಡಿ ಪ್ಲಗ್ ಹಾಕಿದ ಎರಡು ಸ್ಕ್ರೂ ಬೇಕು. ಗಾಜಿನ ಬದಲು ಅಕ್ರಿಲಿಕ್ ಹಾಕಿದರೆ ತೂಕ ಅರ್ಧಕ್ಕಿಳಿಯುತ್ತದೆ, ಆದರೆ ಒಣ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ. ಕಿಟಕಿಯ ಎದುರಿನ ಗೋಡೆಗೆ ಹಾಕಿದರೆ ಕತ್ತಲೆಯ ಚಿತ್ರದಲ್ಲಿ ನಿಮಗೆ ಕಾಣುವುದು ಕಿಟಕಿ ಮಾತ್ರ.

ಚಿತ್ರ ಕರಾವಳಿಯ ಅಥವಾ ಮಲೆನಾಡಿನ ಮನೆಗೆ ಹೋಗುವುದಾದರೆ ಮಳೆ ಬಡಿಯುವ ಪಡುವಣ ಗೋಡೆಯನ್ನು ಬಿಟ್ಟುಬಿಡಿ. ಯಾವ ಗೋಡೆಯಾದರೂ ಫ್ರೇಮಿನ ಹಿಂದಿನ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಬೆರಳು ತೂರುವಷ್ಟು ಗಾಳಿ ಆಡಲಿ. ಹಿಂಬದಿಗೆ ಅಗ್ಗದ ಪ್ಲೈವುಡ್ ಹಾಕಿಸಿದರೆ ಅದು ತೇವ ಹೀರಿ ಕಾಗದಕ್ಕೆ ದಾಟಿಸುತ್ತದೆ.

ಮೊದಲ ಮಳೆಗಾಲದ ನಡುವೆ ಒಮ್ಮೆ ಚಿತ್ರವನ್ನು ಇಳಿಸಿ ಹಿಂಬದಿ ನೋಡಿ. ಹಿಂದಿನ ಬೋರ್ಡಿನಲ್ಲಿ ಕಂದು ಚುಕ್ಕೆಗಳಿದ್ದರೆ ಅದು ಬೂಷ್ಟಿನ ಆರಂಭ, ಬೋರ್ಡು ಬದಲಿಸಿ ಗೋಡೆಯನ್ನೂ ಬದಲಿಸಿ. ಮುಂದೆ ಕಾಗದ ಅಲೆಯಂತೆ ಉಬ್ಬಿದ್ದರೆ ಯಾರೋ ಅದನ್ನು ನಾಲ್ಕೂ ಕಡೆ ಟೇಪು ಹಾಕಿ ಬಿಗಿದಿದ್ದಾರೆ. ತೇವಕ್ಕೆ ಹಿಗ್ಗಿದ ಕಾಗದಕ್ಕೆ ಹೋಗಲು ಜಾಗವಿಲ್ಲ. ಟೇಪು ಬಿಡಿಸಿ, ಮೇಲಂಚಿನ ಎರಡು ಕಡೆ ಮಾತ್ರ ಕಾಗದದ ಕೀಲು ಹಚ್ಚಿ ಇಳಿಬಿಡಿ.